ವಿರೋಧದ ನಡುವೆ ಉಳಿದ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಕನ್ನಡ ನಾಡಿನ ಮನೆಮನೆಯಲ್ಲಿಯೂ ಕೇಳಿಬರುವ ಗಾದೆ. ಇದರ ಮೊದಲರ್ಧವನ್ನು ವೈದ್ಯರು ಒಪ್ಪಿಯಾರು. ಎರಡನೆಯ ಅರ್ಧದ ವಿಷಯದಲ್ಲಿ ಮಾತ್ರ ಇತಿಹಾಸವು ಕೊಂಚ ಸಂದೇಹವನ್ನು ತಾಳುತ್ತದೆ. ಲೋಕದ ದೊಡ್ಡ ಜಗಳಗಳನ್ನು ಮೂಕರು ಹೂಡಿದವರಲ್ಲ. ಮಾತನ್ನು ಬಲ್ಲವರೇ, ಅದರ ಹರಿತವನ್ನು ಅರಿತವರೇ ಹೂಡಿದ್ದಾರೆ. ಧ್ಯೇಯವುಳ್ಳ ಇಬ್ಬರು ಮನುಷ್ಯರು ಒಂದೇ ಕಾಲದಲ್ಲಿ ಒಂದೇ ನಾಡಿನಲ್ಲಿ ಬದುಕಿದಾಗ ಅವರಲ್ಲಿ ಜಗಳ ಹುಟ್ಟದಿರುವುದೇ ಆಶ್ಚರ್ಯ. ಆದುದರಿಂದ ಆ ಗಾದೆಯನ್ನು ಸ್ವಲ್ಪ ಬೇರೆಯಾಗಿ ತಿಳಿದುಕೊಳ್ಳುವುದು ಯುಕ್ತವೆನಿಸುತ್ತದೆ: ಮಾತು ಬಲ್ಲವನಿಗೂ ಜಗಳವುಂಟು, ಆದರೆ ಆ ಜಗಳವು ಮಾತನ್ನೇ ನುಂಗಿಹಾಕದಂತೆ ನೋಡಿಕೊಳ್ಳುವ ಬಲ್ಲತನವೂ ಅವನಲ್ಲಿ ಉಂಟು.

ಈ ಬಲ್ಲತನದ ಅಭಾವವು ಇಂದು ಎಲ್ಲೆಡೆಯೂ ಎದ್ದು ಕಾಣುತ್ತಿದೆ. ಪಂಚಾಯಿತಿಯ ಚುನಾವಣೆ ಮುಗಿದು ತಿಂಗಳುಗಳು ಉರುಳಿದರೂ ಅಣ್ಣತಮ್ಮಂದಿರು ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯದಿರುವ ಹಳ್ಳಿಗಳಿವೆ. ಮತ ಹಾಕಿದ ಪಕ್ಷ ಬೇರೆಯೆಂಬ ಒಂದೇ ಕಾರಣಕ್ಕಾಗಿ ತೊಟ್ಟಿಲ ಕಾರ್ಯಕ್ಕೆ ಕರೆಯದ ಬಂಧುಗಳಿದ್ದಾರೆ. ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರು ವೃತ್ತಪತ್ರಿಕೆಯ ಒಂದು ಸುದ್ದಿಯ ದೆಸೆಯಿಂದ ಮೌನವ್ರತವನ್ನು ಹಿಡಿಯುವುದುಂಟು. ಅಂಗೈಯಲ್ಲಿನ ಫೋನು ಈ ಬಿರುಕನ್ನು ಇನ್ನೂ ಅಗಲಗೊಳಿಸಿದೆ. ಎದುರಿಗೆ ಕುಳಿತಾಗ ಆಡಲು ನಾಲಿಗೆ ಏಳದ ಮಾತನ್ನು ಅದು ಕ್ಷಣಾರ್ಧದಲ್ಲಿ ನೂರು ಜನರಿಗೆ ಮುಟ್ಟಿಸುತ್ತದೆ. ಇಂಥ ಹೊತ್ತಿನಲ್ಲಿ, ಅರ್ಧ ಶತಮಾನಕ್ಕೆ ಸಮೀಪದಷ್ಟು ಕಾಲ ಒಬ್ಬರನ್ನೊಬ್ಬರು ಬಹಿರಂಗವಾಗಿ ಎದುರಿಸುತ್ತ, ಆದರೂ ಪರಸ್ಪರ ಮಾತನ್ನು ಬಿಡದೆ ಉಳಿದ ಇಬ್ಬರು ಹಿರಿಯರ ಬಾಳನ್ನು ನೆನೆಯುವುದು ಉಪಯುಕ್ತವಾದೀತು. ಅವರಲ್ಲಿ ಒಬ್ಬರು ಚಕ್ರವರ್ತಿ ರಾಜಗೋಪಾಲಾಚಾರಿ, ಎಲ್ಲರ ಬಾಯಲ್ಲಿ ರಾಜಾಜಿ. ಇನ್ನೊಬ್ಬರು ಈರೋಡಿನ ಇ.ವಿ. ರಾಮಸ್ವಾಮಿ, ಪೆರಿಯಾರ್ ಎಂದು ಪ್ರಸಿದ್ಧರಾದವರು.

ಇಬ್ಬರ ಕಾರ್ಯಕ್ಷೇತ್ರವೂ ತಮಿಳುನಾಡು. ಆದರೂ ಕನ್ನಡಿಗರಿಗೆ ಇವರು ಪೂರ್ಣವಾಗಿ ಪರಕೀಯರಲ್ಲ. ರಾಜಾಜಿಯವರು 1878ರ ಡಿಸೆಂಬರ್ 10ರಂದು ಹೊಸೂರಿನ ಸೀಮೆಯ ತೊರಪ್ಪಳ್ಳಿಯಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1879ರ ಸೆಪ್ಟೆಂಬರ್ 17ರಂದು ಈರೋಡಿನಲ್ಲಿ ಜನಿಸಿದ ರಾಮಸ್ವಾಮಿಯವರ ಮನೆಮಾತು ಕನ್ನಡವೇ ಆಗಿತ್ತು. ಇಬ್ಬರ ನಡುವೆ ವಯಸ್ಸಿನ ಅಂತರ ಒಂಬತ್ತು ತಿಂಗಳು ಮಾತ್ರ. ಸಂಸ್ಕಾರದ ಅಂತರವಾದರೋ ಅಳತೆಗೆ ಸಿಕ್ಕದಷ್ಟು. ಒಬ್ಬರು ವೈಷ್ಣವ ಬ್ರಾಹ್ಮಣ ಮನೆತನದಲ್ಲಿ ಬೆಳೆದು, ಕಾನೂನು ಓದಿ, ಸೇಲಂನಲ್ಲಿ ವಕೀಲರಾಗಿ ಹೆಸರು ಗಳಿಸಿದವರು. ಇನ್ನೊಬ್ಬರು ಶ್ರೀಮಂತ ವರ್ತಕನ ಮಗ. ಶಾಲೆಯ ಓದು ಕೆಲವೇ ವರ್ಷಗಳಿಗೆ ನಿಂತುಹೋಗಿ, ತಂದೆಯ ಅಂಗಡಿಯಲ್ಲಿ ಲೋಕಜ್ಞಾನವನ್ನು ಸಂಪಾದಿಸಿದವರು. ಒಬ್ಬರು ದೇವರಲ್ಲಿ ನಂಬಿಕೆಯಿಟ್ಟು ರಾಮಾಯಣವನ್ನು ತಮಿಳಿನಲ್ಲಿ ಜನಸಾಮಾನ್ಯರಿಗಾಗಿ ಬರೆದರು. ಆ ಕೃತಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಇನ್ನೊಬ್ಬರು ದೇವರಿಲ್ಲವೆಂದು ಸಾರಿ, ಅದೇ ರಾಮಾಯಣವನ್ನು ಅತ್ಯಂತ ಕಟುವಾಗಿ ಖಂಡಿಸಿದರು. ಇಂಥವರ ನಡುವೆ ಸ್ನೇಹದ ಮಾತಿರಲಿ, ನಮಸ್ಕಾರ ಪ್ರತಿನಮಸ್ಕಾರಗಳು ಉಳಿದರೂ ಹೆಚ್ಚೆಂದು ಯಾರಿಗಾದರೂ ತೋರೀತು.

ಅವರ ಪರಿಚಯ ಬೆಳೆದುದು ಸಾರ್ವಜನಿಕ ಸೇವೆಯ ಹಾದಿಯಲ್ಲಿ. ರಾಜಾಜಿಯವರು 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಸುಮಾರು ಅದೇ ಕಾಲದಲ್ಲಿ ರಾಮಸ್ವಾಮಿಯವರು ಈರೋಡ್ ಪುರಸಭೆಯ ಅಧ್ಯಕ್ಷರಾಗಿದ್ದರು. ಊರಿಗೆ ಕುಡಿಯುವ ನೀರು, ಬೀದಿಯ ನೈರ್ಮಲ್ಯ ಮುಂತಾದ ದಿನನಿತ್ಯದ ಚಿಂತೆಗಳು ಇಬ್ಬರಿಗೂ ಸಮಾನವಾಗಿದ್ದವು. ಗಾಂಧೀಜಿಯವರ ಕರೆ ಬಂದಾಗ ರಾಜಾಜಿಯವರೇ ರಾಮಸ್ವಾಮಿಯವರನ್ನು ಕಾಂಗ್ರೆಸ್ಸಿಗೆ ಸೇರುವಂತೆ ಒಲಿಸಿದರು. 1919ರಲ್ಲಿ ರಾಮಸ್ವಾಮಿಯವರು ತಮ್ಮ ಅಧಿಕಾರಸ್ಥಾನಗಳನ್ನು ತ್ಯಜಿಸಿ ಚಳವಳಿಗೆ ಧುಮುಕಿದರು. ಅನಂತರ ಅವರು ಖಾದಿಯ ಗಂಟನ್ನು ಹೆಗಲ ಮೇಲೆ ಹೊತ್ತು ಮಾರಿದರು. ಹೆಂಡದಂಗಡಿಗಳ ವಿರುದ್ಧದ ಸತ್ಯಾಗ್ರಹದಲ್ಲಿ ಹೆಂಡತಿ ನಾಗಮ್ಮೈ ಮತ್ತು ತಂಗಿ ಕಣ್ಣಮ್ಮಾಳ್ ಅವರನ್ನೂ ಮುಂದೆ ನಿಲ್ಲಿಸಿದರು. ಪ್ರಾಂತದ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರೂ ಆದರು. 1924ರಲ್ಲಿ ತಿರುವಾಂಕೂರಿನ ವೈಕಂನಲ್ಲಿ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಅಸ್ಪೃಶ್ಯರೆನಿಸಿದವರು ನಡೆಯಬಾರದೆಂಬ ನಿಷೇಧದ ವಿರುದ್ಧ ಸತ್ಯಾಗ್ರಹ ನಡೆದಾಗ, ಅಲ್ಲಿಗೆ ಹೋಗಿ ಎರಡು ಬಾರಿ ಸೆರೆವಾಸವನ್ನು ಅನುಭವಿಸಿದರು.

ಈ ಸಾಮರಸ್ಯಕ್ಕೆ ಬಿರುಕು ಬಿದ್ದುದು ಒಂದು ವಿದ್ಯಾಸಂಸ್ಥೆಯ ಊಟದ ಮನೆಯಲ್ಲಿ ಎಂಬುದನ್ನು ಶಿಕ್ಷಣಕ್ಷೇತ್ರದಲ್ಲಿರುವವರು ಗಮನಿಸತಕ್ಕದ್ದು. ಚೇರನ್‌ಮಹಾದೇವಿಯಲ್ಲಿ ಕಾಂಗ್ರೆಸ್ಸಿನ ಧನಸಹಾಯವನ್ನೂ ಪಡೆದು ನಡೆಯುತ್ತಿದ್ದ ಗುರುಕುಲವೊಂದರಲ್ಲಿ ಬ್ರಾಹ್ಮಣ ಬಾಲಕರಿಗೆ ಪ್ರತ್ಯೇಕವಾಗಿ ಊಟ ಬಡಿಸಲಾಗುತ್ತಿತ್ತು. ರಾಷ್ಟ್ರೀಯ ಶಿಕ್ಷಣದ ಹೆಸರಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಪಂಕ್ತಿಭೇದವೇ ಎಂದು ರಾಮಸ್ವಾಮಿಯವರು ಪ್ರತಿಭಟಿಸಿದರು. ಅದು ಕೇವಲ ಊಟದ ಪ್ರಶ್ನೆಯಾಗಿ ಉಳಿಯದೆ, ಬರಲಿರುವ ಸ್ವರಾಜ್ಯವು ಯಾರ ಸ್ವರಾಜ್ಯವೆಂಬ ಪ್ರಶ್ನೆಯಾಗಿ ಬೆಳೆಯಿತು. 1925ರ ನವೆಂಬರ್‌ನಲ್ಲಿ ಕಾಂಚೀಪುರದಲ್ಲಿ ನಡೆದ ಪ್ರಾಂತೀಯ ಕಾಂಗ್ರೆಸ್ ಸಮ್ಮೇಳನದಲ್ಲಿ ಜಾತಿವಾರು ಪ್ರಾತಿನಿಧ್ಯವನ್ನು ಕೋರುವ ಅವರ ಗೊತ್ತುವಳಿಗೆ ಅವಕಾಶ ದೊರೆಯಲಿಲ್ಲ. ಅವರು ಸಭೆಯಿಂದ ಹೊರನಡೆದರು. ಆ ಬಾಗಿಲನ್ನು ದಾಟಿದವರು ಮತ್ತೆಂದೂ ಕಾಂಗ್ರೆಸ್ಸಿನೊಳಕ್ಕೆ ಕಾಲಿಡಲಿಲ್ಲ. ಸ್ವಾಭಿಮಾನ ಚಳವಳಿಯು ಅವರ ಕೈಯಲ್ಲಿ ಮೈದಾಳಿತು. ಅದೇ ವರ್ಷ ರಾಜಾಜಿಯವರು ತಿರುಚೆಂಗೋಡಿನ ಬಳಿ ಗಾಂಧೀ ಆಶ್ರಮವನ್ನು ಸ್ಥಾಪಿಸಿ, ಖಾದಿ ಮತ್ತು ಪಾನನಿರೋಧದ ಕಾರ್ಯದಲ್ಲಿ ತೊಡಗಿದರು. ಒಂದೇ ಬಂಡಿಗೆ ಕಟ್ಟಿದ ಎತ್ತುಗಳು ಎರಡು ಬೇರೆ ಹಾದಿಗಳನ್ನು ಹಿಡಿದವು.

ಅಲ್ಲಿಂದ ಮುಂದಿನ ಚರಿತ್ರೆ ನೇರ ಘರ್ಷಣೆಯದು. 1937ರಲ್ಲಿ ರಾಜಾಜಿಯವರು ಮದರಾಸು ಪ್ರಾಂತದ ಸರ್ಕಾರದ ಮುಖ್ಯಸ್ಥರಾದರು. ಪ್ರೌಢಶಾಲೆಗಳಲ್ಲಿ ಹಿಂದೂಸ್ತಾನಿಯನ್ನು ಕಡ್ಡಾಯವಾಗಿ ಕಲಿಸತಕ್ಕದ್ದೆಂದು ನಿರ್ಧರಿಸಿದ ಅವರ ಸರ್ಕಾರವು 1938ರಲ್ಲಿ 125 ಶಾಲೆಗಳಲ್ಲಿ ಅದನ್ನು ಜಾರಿಗೆ ತರಹೊರಟಿತು. ತಮಿಳರು ಸಿಡಿದೆದ್ದರು, ಆ ಪ್ರತಿಭಟನೆಯ ಮುಂಚೂಣಿಯಲ್ಲಿ ರಾಮಸ್ವಾಮಿಯವರಿದ್ದರು. ಆ ವರ್ಷದ ನವೆಂಬರ್‌ನಲ್ಲಿ ಮದರಾಸಿನಲ್ಲಿ ನಡೆದ ಮಹಿಳಾ ಸಮ್ಮೇಳನವು ಅವರಿಗೆ ‘ಪೆರಿಯಾರ್’, ಎಂದರೆ ಹಿರಿಯರು, ಎಂಬ ಬಿರುದನ್ನು ನೀಡಿತು. ಮರುತಿಂಗಳೇ ಅವರಿಗೆ ಸೆರೆವಾಸದ ಶಿಕ್ಷೆ ವಿಧಿಸಲ್ಪಟ್ಟಿತು. ತನ್ನನ್ನು ಸಾರ್ವಜನಿಕ ಜೀವನಕ್ಕೆ ಕರೆತಂದ ಗೆಳೆಯನ ಸರ್ಕಾರದ ಆಳ್ವಿಕೆಯಲ್ಲಿ, ಆ ಪ್ರಾಂತಕ್ಕೇ ಸೇರಿದ್ದ ಬಳ್ಳಾರಿಯ ಸೆರೆಮನೆಯಲ್ಲಿ ಅವರು ದಿನಗಳನ್ನು ಕಳೆಯಬೇಕಾಯಿತು. ಸೆರೆಯಲ್ಲಿದ್ದಾಗಲೇ ಜಸ್ಟಿಸ್ ಪಕ್ಷವು ಅವರನ್ನು ನಾಯಕರನ್ನಾಗಿ ಆರಿಸಿತು. ಇದೇ ಚಳವಳಿಯಲ್ಲಿ ಬಂಧಿತರಾಗಿದ್ದ ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ಯುವಕರು 1939ರ ಆರಂಭದ ತಿಂಗಳುಗಳಲ್ಲಿ ಸೆರೆಯಲ್ಲಿ ಕಾಯಿಲೆಬಿದ್ದು ಅಸುನೀಗಿದರು. ರಾಜಾಜಿ ಸರ್ಕಾರವು 1939ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟ ಮೇಲೆ, 1940ರ ಫೆಬ್ರವರಿಯಲ್ಲಿ ಆ ಭಾಷೆಯ ಕಡ್ಡಾಯ ಬೋಧನೆಯನ್ನು ರಾಜ್ಯಪಾಲರು ರದ್ದುಪಡಿಸಿದರು.

ಎರಡನೆಯ ದೊಡ್ಡ ಘರ್ಷಣೆಯೂ ಶಾಲೆಗೆ ಸಂಬಂಧಿಸಿದುದೇ. 1952ರಲ್ಲಿ ರಾಜಾಜಿಯವರು ಮದರಾಸಿನ ಮುಖ್ಯಮಂತ್ರಿಗಳಾದರು. ಮರುವರ್ಷ ಅವರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳಿಗಾಗಿ ಒಂದು ಹೊಸ ಯೋಜನೆಯನ್ನು ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆಗಳ ಕಾಲ ಮಾತ್ರ ಶಾಲೆಯಲ್ಲಿ ಕುಳಿತರೆ ಸಾಕು. ಉಳಿದ ಹೊತ್ತು ತಂದೆತಾಯಿಗಳ ಕಸಬನ್ನು ಕಲಿಯಲಿ. ಹೀಗೆ ಎರಡು ಪಾಳಿ ನಡೆಸಿದರೆ ಇರುವ ಕಟ್ಟಡದಲ್ಲಿಯೇ, ಇರುವ ಉಪಾಧ್ಯಾಯರಿಂದಲೇ ಇನ್ನಷ್ಟು ಮಕ್ಕಳಿಗೆ ಅಕ್ಷರ ದೊರೆಯುತ್ತದೆ — ಇದು ಅವರ ಲೆಕ್ಕ. ಬೊಕ್ಕಸದ ಬಡತನವನ್ನು ಬಲ್ಲ ಆಡಳಿತಗಾರನ ಲೆಕ್ಕವದು, ಸಂದೇಹವಿಲ್ಲ. ಆದರೆ ಪೆರಿಯಾರರು ಅದೇ ಯೋಜನೆಯನ್ನು ಬೇರೊಂದು ಕಿಟಕಿಯಿಂದ ಕಂಡರು. ಕುಂಬಾರನ ಮಗ ಮಧ್ಯಾಹ್ನ ತಿಗರಿಯ ಮುಂದೆ, ಜಾಡಮಾಲಿಯ ಮಗ ಪೊರಕೆಯ ಮುಂದೆ ಕುಳಿತರೆ ವಕೀಲನ ಮಗ ಎಲ್ಲಿ ಕುಳಿತಾನು ಎಂಬುದು ಅವರ ಪ್ರಶ್ನೆ. ‘ಕುಲಕಲ್ವಿ’, ಎಂದರೆ ಕುಲಕಸಬಿನ ಶಿಕ್ಷಣ, ಎಂಬ ಹೆಸರು ಆ ಯೋಜನೆಗೆ ಅಂಟಿಕೊಂಡಿತು. ವಿರೋಧವು ಕಾಂಗ್ರೆಸ್ಸಿನೊಳಗೂ ಬೆಳೆದು, 1954ರಲ್ಲಿ ರಾಜಾಜಿಯವರು ಅಧಿಕಾರವನ್ನು ಬಿಟ್ಟುಕೊಟ್ಟರು. ಅವರ ಅನಂತರ ಬಂದ ಕಾಮರಾಜರು ಯೋಜನೆಯನ್ನು ಹಿಂದೆಗೆದುಕೊಂಡರು. ಪೆರಿಯಾರರು ಕಾಮರಾಜರಿಗೆ ಬೆಂಬಲವಾಗಿ ನಿಂತರು.

ಇಷ್ಟನ್ನು ಓದಿದವರು ಇವರಿಬ್ಬರನ್ನೂ ಬದ್ಧವೈರಿಗಳೆಂದೇ ತಿಳಿದಾರು. ಆದರೆ ಈ ಎರಡು ಘರ್ಷಣೆಗಳ ನಡುವಣ ಕಾಲದಲ್ಲಿ ನಡೆದ ಒಂದು ಘಟನೆ ಬೇರೆಯೇ ಕಥೆಯನ್ನು ಹೇಳುತ್ತದೆ. ಪೆರಿಯಾರರಿಗೆ ಆಗ ಎಪ್ಪತ್ತು ವರ್ಷ ಸಮೀಪಿಸಿತ್ತು. ನಾಗಮ್ಮೈ ತೀರಿಕೊಂಡು ಬಹುಕಾಲವಾಗಿತ್ತು. ತಮ್ಮ ತರುವಾಯ ಸಂಘಟನೆಯ ಹೊಣೆ ಯಾರದು, ಅದರ ಆಸ್ತಿಪಾಸ್ತಿಗಳನ್ನು ಕಾಯುವವರು ಯಾರು ಎಂಬ ಚಿಂತೆ ಅವರನ್ನು ಕಾಡುತ್ತಿತ್ತು. ತಮ್ಮ ಶುಶ್ರೂಷೆಯನ್ನು ನೋಡಿಕೊಳ್ಳುತ್ತಿದ್ದ ಕಾರ್ಯಕರ್ತೆ ಮಣಿಯಮ್ಮೈಯವರನ್ನು ಕಾನೂನಿನ ಪ್ರಕಾರ ವಿವಾಹವಾಗಿ ಉತ್ತರಾಧಿಕಾರವನ್ನು ಭದ್ರಪಡಿಸುವ ಯೋಚನೆ ಅವರಿಗೆ ಬಂದಿತು. ಹೀಗೆ ಬಾಳಿನ ಅತ್ಯಂತ ಖಾಸಗಿಯಾದ, ಅತ್ಯಂತ ಇಕ್ಕಟ್ಟಿನ ಪ್ರಶ್ನೆಯೊಂದು ಎದುರಾದಾಗ ಅವರು ಯಾರೊಡನೆ ಮಾತನಾಡಿದರು? ತಮ್ಮ ಸಂಘಟನೆಯ ಸಾವಿರಾರು ಅನುಯಾಯಿಗಳ ಕಣ್ಣಿಗೆ ಪ್ರಥಮ ಎದುರಾಳಿಯಾಗಿದ್ದ ರಾಜಾಜಿಯವರೊಡನೆ. ರಾಜಾಜಿಯವರು ಆಗ ಭಾರತದ ಗವರ್ನರ್ ಜನರಲ್. 1949ರ ಮೇ ತಿಂಗಳಲ್ಲಿ ತಿರುವಣ್ಣಾಮಲೈಯಲ್ಲಿ ಅವರಿಬ್ಬರ ಭೇಟಿಯಾಯಿತು. ಭೇಟಿಯ ಸುದ್ದಿ ಊರಿಗೆಲ್ಲ ತಿಳಿಯಿತು. ಒಳಗೆ ನಡೆದ ಮಾತುಕತೆಯನ್ನು ಮಾತ್ರ ಇಬ್ಬರೂ ಬೀದಿಗೆ ತರಲಿಲ್ಲ.

ಆ ಜುಲೈ ತಿಂಗಳಲ್ಲಿ ವಿವಾಹ ನಡೆಯಿತು. ಅದರಿಂದೆದ್ದ ಬಿರುಗಾಳಿಯನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ವಯಸ್ಸಿನಲ್ಲಿ ಬಹಳ ಅಂತರವಿರುವ ವಿವಾಹಗಳನ್ನು ಖಂಡಿಸುತ್ತ ಬಂದಿದ್ದ ಚಳವಳಿಯ ನಾಯಕರೇ ಹೀಗೆ ಮಾಡಿದರಲ್ಲ ಎಂದು ಅನುಯಾಯಿಗಳು ನೊಂದರು. ಆಚಾರ್ಯರೊಡನೆ ನಡೆದ ಆ ಮುಚ್ಚಿದ ಬಾಗಿಲಿನ ಮಾತುಕತೆಯೇ ಇದಕ್ಕೆಲ್ಲ ಕಾರಣವೆಂದು, ಎದುರಾಳಿಯು ಉಪಾಯದಿಂದ ಮನೆಯನ್ನು ಮುರಿದನೆಂದು ಹಲವರು ಶಂಕಿಸಿದರು. ಸಿ.ಎನ್. ಅಣ್ಣಾದುರೈಯವರೂ ಅವರ ಸಂಗಡಿಗರೂ ದ್ರಾವಿಡರ ಕಳಗವನ್ನು ತೊರೆದು 1949ರ ಸೆಪ್ಟೆಂಬರ್ 17ರಂದು ದ್ರಾವಿಡ ಮುನ್ನೇಟ್ರ ಕಳಗವನ್ನು ಸ್ಥಾಪಿಸಿದರು. ಎದುರು ಪಕ್ಷದವರೊಡನೆ ಮಾತನಾಡುವುದು ಖರ್ಚಿಲ್ಲದ ಪುಣ್ಯಕಾರ್ಯವೆಂದು ಉಪದೇಶಿಸುವವರು ಈ ಸಂಗತಿಯನ್ನು ಗಮನದಲ್ಲಿಡಬೇಕು. ಗೆರೆಯ ಆಚೆಗೆ ಕೈಚಾಚಿದವನನ್ನು ಗೆರೆಯ ಈಚೆಯವರೇ ಮೊದಲು ಅನುಮಾನಿಸುತ್ತಾರೆ. ಎದುರಾಳಿಯ ಕೋಪಕ್ಕಿಂತ ಒಡನಾಡಿಯ ಸಂಶಯವನ್ನು ತಾಳಿಕೊಳ್ಳುವುದು ಕಠಿಣ. ಅಂಥ ಸಂಶಯಕ್ಕೆ ಆಧಾರವೇ ಇರುವುದಿಲ್ಲವೆಂದೂ ಹೇಳಲಾಗದು. ನಾಯಕರು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಅನುಯಾಯಿಗಳನ್ನು ಮರೆತ ನಿದರ್ಶನಗಳು ಇತಿಹಾಸದಲ್ಲಿ ಬೇಕಾದಷ್ಟಿವೆ.

ಈ ಸ್ನೇಹವನ್ನು ಕುರಿತು ಕೇಳಬಹುದಾದ ಇನ್ನೂ ಗಡುಸಾದ ಪ್ರಶ್ನೆಯೊಂದುಂಟು. ಮೇಲಿನವರು ಹೀಗೆ ಪರಸ್ಪರ ಗೌರವದಿಂದ ಇದ್ದರೆಂಬುದು ಸೆರೆಮನೆಯಲ್ಲಿ ಸತ್ತ ನಟರಾಜನ್ ಮತ್ತು ತಾಳಮುತ್ತುವಿನ ಮನೆಯವರಿಗೆ ಯಾವ ಸಾಂತ್ವನವನ್ನು ನೀಡೀತು? ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸಿ ಕಸಬಿಗೆ ಹೋಗೆಂದು ಹೇಳಲ್ಪಟ್ಟ ಮಗುವಿಗೆ ಅದರಿಂದೇನು? ಉತ್ತರ ಸುಲಭವಲ್ಲ. ಆದರೆ ಒಂದಂಶ ಮಾತ್ರ ಸ್ಪಷ್ಟ. ಸ್ನೇಹದ ಮುಲಾಜಿಗಾಗಿ ಪೆರಿಯಾರರು ತಮ್ಮ ಹೋರಾಟವನ್ನು ಒಂದು ದಿನವಾದರೂ ಸಡಿಲಗೊಳಿಸಲಿಲ್ಲ. 1949ರ ಭೇಟಿಯಾದ ನಾಲ್ಕೇ ವರ್ಷಗಳಲ್ಲಿ ಅವರು ಅದೇ ಗೆಳೆಯನ ಶಿಕ್ಷಣ ಯೋಜನೆಯನ್ನು ಬುಡಮೇಲು ಮಾಡಲು ಹೊರಟರು. ರಾಜಾಜಿಯವರೂ ಗೆಳೆಯನಿಗೆ ನೋವಾದೀತೆಂದು ತಮ್ಮ ನಂಬಿಕೆಯನ್ನು ಮುಚ್ಚಿಡಲಿಲ್ಲ. ಮಾತುಕತೆಯು ಹೋರಾಟಕ್ಕೆ ಬದಲಿಯಾಗಲಿಲ್ಲ. ಹೋರಾಟವು ಮಾತುಕತೆಗೆ ಅಡ್ಡಿಯಾಗಲಿಲ್ಲ. ನ್ಯಾಯದ ಬೇಡಿಕೆಯನ್ನು ಬಿಟ್ಟುಕೊಟ್ಟು ಪಡೆಯುವ ಸೌಹಾರ್ದವು ಸೌಹಾರ್ದವಲ್ಲ, ಅದು ಶರಣಾಗತಿ. ಹಾಗೆಯೇ ಎದುರಾಳಿಯು ಮನುಷ್ಯನೇ ಅಲ್ಲವೆಂದು ಭಾವಿಸಿ ನಡೆಸುವ ಹೋರಾಟವು ತಾನು ಗೆಲ್ಲಬೇಕೆಂದಿದ್ದ ನ್ಯಾಯವನ್ನೇ ಕೊನೆಗೆ ಕೈಬಿಡುತ್ತದೆ.

ಕಾಲವು ಈ ಇಬ್ಬರೊಡನೆ ಒಂದು ವಿನೋದವನ್ನೂ ಆಡಿತು. ಒಮ್ಮೆ ಹಿಂದೂಸ್ತಾನಿಯನ್ನು ಶಾಲೆಗೆ ತಂದ ರಾಜಾಜಿಯವರು 1950ರ ದಶಕದ ಕೊನೆಯ ಹೊತ್ತಿಗೆ, ಹಿಂದಿಯೊಂದೇ ಒಕ್ಕೂಟದ ಆಡಳಿತ ಭಾಷೆಯಾಗುವುದನ್ನು ಪ್ರಬಲವಾಗಿ ವಿರೋಧಿಸತೊಡಗಿದರು. 1959ರಲ್ಲಿ ಅವರು ಸ್ವತಂತ್ರ ಪಕ್ಷವನ್ನು ಸ್ಥಾಪಿಸಿ ಕಾಂಗ್ರೆಸ್ಸಿನ ಎದುರಾಳಿಯಾದರು. 1965ರಲ್ಲಿ ತಮಿಳುನಾಡಿನ ವಿದ್ಯಾರ್ಥಿಗಳು ಹಿಂದಿಯ ವಿರುದ್ಧ ಬೀದಿಗಿಳಿದಾಗ, ಹಿಂದೊಮ್ಮೆ ಅದೇ ಕಾರಣಕ್ಕೆ ಸೆರೆಗೆ ಹೋಗಿದ್ದ ಪೆರಿಯಾರರು ಕಾಮರಾಜರ ಪಕ್ಷದ ಬೆಂಬಲಕ್ಕಿದ್ದು, ಆ ಚಳವಳಿಯನ್ನು ಒಪ್ಪಲಿಲ್ಲ. 1967ರ ಚುನಾವಣೆಯಲ್ಲಿ ರಾಜಾಜಿಯವರು ಅಣ್ಣಾದುರೈಯವರ ಪಕ್ಷದೊಡನೆ ಕೈಜೋಡಿಸಿದರು. ಪೆರಿಯಾರರು ಕಾಂಗ್ರೆಸ್ಸಿನ ಪರವಾಗಿ ಪ್ರಚಾರ ಮಾಡಿದರು. ಹೊಳೆಯ ಎರಡು ದಡಗಳಲ್ಲಿ ನಿಂತಿದ್ದವರಿಬ್ಬರೂ ಏಕಕಾಲದಲ್ಲಿ ಹೊಳೆಯನ್ನು ದಾಟಿ, ಮತ್ತೆ ಎದುರುಬದುರಾಗಿಯೇ ನಿಂತಂತಾಯಿತು! ದಡವು ಬದಲಾಗುತ್ತದೆ, ಬಾವುಟವು ಬದಲಾಗುತ್ತದೆ. ಅದಕ್ಕಾಗಿ ಕಡಿದುಕೊಂಡ ಮನುಷ್ಯ ಸಂಬಂಧವು ಮಾತ್ರ ಮತ್ತೆ ಚಿಗುರುವುದು ದುರ್ಲಭ. ಪಕ್ಷಕ್ಕಾಗಿ ನೆರೆಯವನೊಡನೆ ಮಾತು ಬಿಟ್ಟವನು, ಹತ್ತು ವರ್ಷಗಳ ಮೇಲೆ ಪಕ್ಷದ ನಾಯಕರು ಒಂದೇ ವೇದಿಕೆಯಲ್ಲಿ ಹಾರ ಬದಲಾಯಿಸಿಕೊಳ್ಳುವುದನ್ನು ಕಂಡು ಬೆಪ್ಪಾಗುವ ಪ್ರಸಂಗಗಳು ಹಲವು ರಾಜ್ಯಗಳಲ್ಲಿ ನಡೆದಿವೆ.

ಇದೇ ಚುನಾವಣೆಯ ಬಳಿಕ ಇನ್ನೊಂದು ಮಾತುಕತೆಯೂ ಮರಳಿ ಜೀವಗೊಂಡಿತು. ಅಣ್ಣಾದುರೈಯವರು 1949ರಲ್ಲಿ ಪೆರಿಯಾರರನ್ನು ಬಿಟ್ಟು ಹೊಸ ಪಕ್ಷ ಕಟ್ಟಿದಾಗ ಅದರ ಅಧ್ಯಕ್ಷಸ್ಥಾನವನ್ನು ಯಾರಿಗೂ ಕೊಡಲಿಲ್ಲ. ಅದು ಪೆರಿಯಾರರಿಗೆ ಸಲ್ಲುವ ಸ್ಥಾನವೆಂದು ಖಾಲಿಯಾಗಿಯೇ ಇರಿಸಿ, ತಾವು ಪ್ರಧಾನ ಕಾರ್ಯದರ್ಶಿಯ ಹುದ್ದೆಯಿಂದಲೇ ಪಕ್ಷವನ್ನು ನಡೆಸಿದರು. ಹದಿನೆಂಟು ವರ್ಷಗಳ ಕಟುವಾದ ವಾಗ್ವಾದಗಳ ನಡುವೆಯೂ ಆ ಕುರ್ಚಿ ಬರಿದಾಗಿಯೇ ಇತ್ತು. 1967ರಲ್ಲಿ ಗೆಲುವು ದೊರೆತೊಡನೆ ಅಣ್ಣಾದುರೈಯವರು ತಿರುಚಿರಾಪಳ್ಳಿಗೆ ಹೋಗಿ, ಚುನಾವಣೆಯಲ್ಲಿ ತಮ್ಮನ್ನು ವಿರೋಧಿಸಿದ್ದ ಆ ಹಿರಿಯರನ್ನು ಕಂಡರು. ಪುರೋಹಿತರಿಲ್ಲದೆ ನಡೆಯುವ ಸ್ವಾಭಿಮಾನ ವಿವಾಹಗಳಿಗೆ ಅದೇ ವರ್ಷ ಅವರ ಸರ್ಕಾರವು ಕಾನೂನಿನ ಮಾನ್ಯತೆಯನ್ನು ನೀಡಿತು. ಹೊರಟುಹೋದವರಿಗಾಗಿ ಒಂದು ಸ್ಥಾನವನ್ನು ತೆರವಾಗಿರಿಸುವುದೂ ಒಂದು ಬಗೆಯ ಮಾತೇ. ನಾಲಿಗೆ ಸುಮ್ಮನಿದ್ದಾಗಲೂ ಅದು ಆಡುತ್ತಿರುತ್ತದೆ.

1972ರ ಡಿಸೆಂಬರ್ 25ರಂದು ರಾಜಾಜಿಯವರು ಮದರಾಸಿನಲ್ಲಿ ನಿಧನ ಹೊಂದಿದರು. ಆಗ ಪೆರಿಯಾರರಿಗೆ ತೊಂಬತ್ತಮೂರು ವರ್ಷ. ನಡೆಯುವ ಶಕ್ತಿ ಉಡುಗಿತ್ತು. ಗಾಲಿಕುರ್ಚಿಯಲ್ಲಿ ಕುಳಿತು ಅವರು ಸ್ಮಶಾನಕ್ಕೆ ಬಂದರು. ದೇವರನ್ನೂ ಶಾಸ್ತ್ರವನ್ನೂ ಬದುಕಿನುದ್ದಕ್ಕೂ ನಿರಾಕರಿಸಿದ ಆ ವೃದ್ಧರು, ದೇವರನ್ನೂ ಶಾಸ್ತ್ರವನ್ನೂ ಬದುಕಿನುದ್ದಕ್ಕೂ ನಂಬಿದ ಗೆಳೆಯನ ಚಿತೆಯ ಸಮೀಪದಲ್ಲಿ, ನೆರೆದಿದ್ದ ಜನರ ಎದುರಿನಲ್ಲಿಯೇ ಮಗುವಿನಂತೆ ಅತ್ತರು. ಮುಂದಿನ ವರ್ಷದ ಡಿಸೆಂಬರ್ 24ರಂದು, ಗೆಳೆಯನ ಮರಣದ ವರ್ಷ ತುಂಬಲು ಒಂದೇ ದಿನ ಉಳಿದಿರುವಾಗ, ಅವರೂ ಕಣ್ಮುಚ್ಚಿದರು. ಆ ಕಣ್ಣೀರಿನಿಂದ ಯಾವ ಸಿದ್ಧಾಂತವೂ ಸೋಲಲಿಲ್ಲ, ಯಾವುದೂ ಗೆಲ್ಲಲಿಲ್ಲ. ಜಾತಿಯ ಪ್ರಶ್ನೆ, ಭಾಷೆಯ ಪ್ರಶ್ನೆ, ದೇವರ ಪ್ರಶ್ನೆ ಹಾಗೆಯೇ ಉಳಿದವು, ಇಂದಿಗೂ ಉಳಿದಿವೆ. ಆದರೆ ಇಷ್ಟೊಂದು ಪ್ರಶ್ನೆಗಳು ಬಗೆಹರಿಯದೆ ಉಳಿದಾಗಲೂ ಇಬ್ಬರು ಮನುಷ್ಯರ ನಡುವಣ ಸೇತುವೆ ಮುರಿಯದೆ ನಿಲ್ಲಬಲ್ಲುದು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಇಂಥ ಸಂಬಂಧ ಹೇಗೆ ಸಾಧ್ಯವಾಯಿತು ಎಂದು ವಿಚಾರಿಸಿದರೆ ಮೂರು ಸಂಗತಿಗಳು ಗೋಚರಿಸುತ್ತವೆ. ಮೊದಲನೆಯದು, ವಾದಕ್ಕಿಂತ ಮೊದಲೇ ಅವರು ಒಂದೇ ಬಗೆಯ ಕೆಲಸ ಮಾಡಿದ್ದರು. ಪುರಸಭೆ, ಖಾದಿ, ಪಾನನಿರೋಧ ಈ ಕಾರ್ಯಗಳಲ್ಲಿ ಒಬ್ಬರ ನಿಷ್ಠೆಯನ್ನು ಒಬ್ಬರು ಕಣ್ಣಾರೆ ಕಂಡಿದ್ದರು. ಅಧಿಕಾರಸ್ಥಾನವನ್ನು ತ್ಯಜಿಸಿ ಬಂದವನು ಲಾಭಕ್ಕಾಗಿ ಮಾತನಾಡುತ್ತಾನೆಂದು ಅನಂತರ ಯಾರು ಹೇಳಿದರೂ ಅವರು ನಂಬುವಂತಿರಲಿಲ್ಲ. ಎರಡನೆಯದು, ಖಾಸಗಿಯಾಗಿ ಆಡಿದ ಮಾತನ್ನು ಅವರು ಬಹಿರಂಗದ ಆಯುಧವನ್ನಾಗಿ ಬಳಸಲಿಲ್ಲ. ನಂಬಿ ಹೇಳಿದ್ದು ನಾಳೆ ಸಭೆಯಲ್ಲಿ ಕೇಳಿಬರುತ್ತದೆಂಬ ಭಯವಿರುವಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಮೂರನೆಯದು, ಎದುರಿನವರನ್ನು ತಮ್ಮಂತೆ ಮಾಡಿಕೊಳ್ಳಬೇಕೆಂಬ ಹಟವನ್ನು ಅವರು ಹಿಡಿಯಲಿಲ್ಲ. ರಾಜಾಜಿಯವರು ಪೆರಿಯಾರರ ಹಣೆಗೆ ನಾಮ ಹಚ್ಚಲು ಹೋಗಲಿಲ್ಲ. ಪೆರಿಯಾರರು ರಾಜಾಜಿಯವರ ಹಣೆಯ ನಾಮವನ್ನು ಅಳಿಸಲು ಹೋಗಲಿಲ್ಲ. ಮನಸ್ಸನ್ನು ಬದಲಿಸಿಯೇ ತೀರುತ್ತೇನೆಂದು ಹೊರಟ ಮಾತು ಎರಡು ಗಳಿಗೆಯಲ್ಲಿ ಉಪನ್ಯಾಸವಾಗುತ್ತದೆ. ಇನ್ನೂ ಒಂದು ಗಳಿಗೆ ಕಳೆದರೆ ಕಲಹವಾಗುತ್ತದೆ.

ಈ ಮೂರನ್ನೂ ಕಲಿಸಲು ಶಾಲೆಗಿಂತ ಯೋಗ್ಯವಾದ ಸ್ಥಳ ಇನ್ನೊಂದಿಲ್ಲ. ಬೇರೆ ಬೇರೆ ಪಕ್ಷಗಳ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಸಾಲಿನಲ್ಲಿ ಉಂಡು, ಒಂದೇ ಚೆಂಡಿನ ಹಿಂದೆ ಓಡುತ್ತಾರೆ. ಮುಂದೆ ಹುಟ್ಟಲಿರುವ ವಾದಗಳಿಗಿಂತ ಮೊದಲೇ ಒಂದೇ ಕೆಲಸದಲ್ಲಿ ತೊಡಗುವ ಭಾಗ್ಯ ಅವರಿಗೆ ಅಯಾಚಿತವಾಗಿ ಲಭಿಸಿದೆ. ಪ್ರತಿವರ್ಷವೂ ಹಲವು ಶಾಲೆಗಳಲ್ಲಿ ಚರ್ಚಾಸ್ಪರ್ಧೆಗಳು ನಡೆಯುತ್ತವೆ; ಗಟ್ಟಿಯಾಗಿ ಮಾತನಾಡಿದವನಿಗೆ ಬಹುಮಾನವೂ ದೊರೆಯುತ್ತದೆ. ಆ ಸ್ಪರ್ಧೆಗಳಲ್ಲಿ ಒಂದು ಸಣ್ಣ ನಿಯಮವನ್ನು ಸೇರಿಸಿದರೆ ಹೇಗೆ? ವಿಷಯದ ಪರವಾಗಿ ಮಾತನಾಡಲು ನಿಂತ ವಿದ್ಯಾರ್ಥಿಯು ಮೊದಲು ತನಗಿಂತ ಹಿಂದೆ ವಿರೋಧವಾಗಿ ಮಾತನಾಡಿದವನ ವಾದವನ್ನು, ಅವನೇ ತಲೆದೂಗಿ ಹೌದೆನ್ನುವಂತೆ, ನಾಲ್ಕು ವಾಕ್ಯಗಳಲ್ಲಿ ಹೇಳಬೇಕು. ಬಳಿಕ ತನ್ನ ವಾದವನ್ನು ಹೂಡಬೇಕು. ರಾಜಾಜಿಯವರ ಬೊಕ್ಕಸದ ಲೆಕ್ಕವನ್ನು ಪೆರಿಯಾರರ ಪಕ್ಷದವನೂ, ಪೆರಿಯಾರರ ಊಟದ ಪಂಕ್ತಿಯ ನೋವನ್ನು ರಾಜಾಜಿಯವರ ಪಕ್ಷದವನೂ ಸರಿಯಾಗಿ ವಿವರಿಸುವಂತಾದರೆ, ಆಮೇಲೆ ಅವರು ಎಷ್ಟು ತೀವ್ರವಾಗಿ ವಾದಿಸಿದರೂ ಭಯವಿಲ್ಲ. ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಕೇಳುವ ತಾಳ್ಮೆಯುಳ್ಳ ಒಬ್ಬ ಉಪಾಧ್ಯಾಯ ಸಾಕು.

ಆಶಾವಾದವೆಂದರೆ ಎಲ್ಲರೂ ಒಂದು ದಿನ ಒಂದೇ ಅಭಿಪ್ರಾಯಕ್ಕೆ ಬಂದೇ ಬರುತ್ತಾರೆ ಎಂದು ನಂಬುವುದಲ್ಲ. ಅಂಥ ದಿನವು ಬರುವುದೂ ಇಲ್ಲ, ಬರಬೇಕಾಗಿಯೂ ಇಲ್ಲ. ಒಂದೇ ಅಭಿಪ್ರಾಯವುಳ್ಳ ನಾಡಿನಲ್ಲಿ ಮಾತಿಗೆ ಕೆಲಸವಾದರೂ ಏನಿದೆ? ನಾಳೆಯೂ ಭಿನ್ನಾಭಿಪ್ರಾಯವಿರುತ್ತದೆ, ನಾಳೆಯೂ ಮಾತನಾಡಬಹುದು ಎಂಬ ವಿಶ್ವಾಸವೇ ನಿಜವಾದ ಆಶೆ. ಈ ಶಾಲೆಯ ಅಂಗಳದಲ್ಲಿ ಆಡಿ ಬೆಳೆದು ಇಂದು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಪಕ್ಷಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಮಾತು ನಿಂತುಹೋದ ಒಬ್ಬ ಸಹಪಾಠಿಯ ಬಾಗಿಲನ್ನು ಈ ವರ್ಷ ತಟ್ಟಿದರೆ, ಸಂಚಿಕೆಯನ್ನು ಹೊರತಂದವರ ಶ್ರಮಕ್ಕೆ ಅದಕ್ಕಿಂತ ಹೆಚ್ಚಿನ ಸಾರ್ಥಕ್ಯ ಬೇಕಾಗದು. ಬಾಗಿಲು ತೆರೆದವನು ಚುನಾವಣೆಯ ಮಾತನ್ನೇ ಮೊದಲು ಎತ್ತಿದರೂ ಚಿಂತೆಯಿಲ್ಲ, ಕುಳಿತು ಕೇಳಿದರಾಯಿತು.